ಒಂಬತ್ತು ಮಷೀನ್, ಇಪ್ಪತ್ತಾರು ಜನ, ಆದ್ರೂ ಡೆಲಿವರಿ ಲೇಟ್. ಎಲ್ಲಿ ಎಡವ್ತಿದೀವಿ?

ಸೆಕೆಂಡ್‌ಸ್ಟೇಜ್‌ಹುಡುಗ:
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಪೀಣ್ಯ ಸೆಕೆಂಡ್ ಸ್ಟೇಜಲ್ಲಿ ನಮ್ದೊಂದು ಜಾಬ್‌ವರ್ಕ್ ಶಾಪ್ ಇದೆ. ಅಪ್ಪ 1994ರಲ್ಲಿ ಒಂದೇ ಒಂದು ಸೆಕೆಂಡ್ ಹ್ಯಾಂಡ್ ಲೇತ್ ಇಟ್ಕೊಂಡು ಶುರು ಮಾಡಿದ್ದು. ಈಗ 6 ಸಿಎನ್‌ಸಿ ಟರ್ನಿಂಗ್ (ಕಂಪ್ಯೂಟರ್ ನಡೆಸೋ ಲೇತ್), 3 ವಿಎಂಸಿ (ಕಂಪ್ಯೂಟರ್ ನಡೆಸೋ ಮಿಲ್ಲಿಂಗ್ ಮಷೀನ್), ಎರಡು ಶಿಫ್ಟ್, ಒಟ್ಟು 26 ಜನ. ಬುಷ್, ಹೈಡ್ರಾಲಿಕ್ ಫಿಟ್ಟಿಂಗ್, ವಾಲ್ವ್ ಬಾಡಿ ಇಂಥವು ಮಾಡ್ತೀವಿ. ನಾನು ಬೇರೆ ಕಡೆ ಕೆಲಸ ಬಿಟ್ಟು ಅಪ್ಪನ ಜೊತೆ ಸೇರಿ ಎರಡು ವರ್ಷ ಆಯ್ತು.

ಸಮಸ್ಯೆ ಏನಂದ್ರೆ ಆರ್ಡರ್ ಇದೆ, ಮಷೀನ್ ಇದೆ, ಜನ ಇದ್ದಾರೆ, ಆದ್ರೆ ಯಾವ ಜಾಬೂ ಹೇಳಿದ ದಿನಕ್ಕೆ ಹೋಗಲ್ಲ. ನಮ್ಮ ಅತಿ ದೊಡ್ಡ ಕಸ್ಟಮರ್ ಹೋದ ತಿಂಗಳು ರೇಟಿಂಗಲ್ಲಿ ಕೆಂಪು ಹಾಕಿದಾರೆ, ಇನ್ನೊಂದು ಸಲ ಹೀಗಾದ್ರೆ ಹೊಸ ಪಾರ್ಟ್ ಕೊಡಲ್ಲ ಅಂತ ಪರ್ಚೇಸ್‌ನೋರು ನೇರವಾಗಿ ಹೇಳಿದ್ರು. ದಿನಾ ಬೆಳಗ್ಗೆ ಶಾಪಲ್ಲಿ ಜಗಳ. ಅಪ್ಪ ಹೇಳೋದು ಹುಡುಗ್ರು ಮೊಬೈಲ್ ನೋಡ್ಕೊಂಡು ಕೂರ್ತಾರೆ ಅಂತ, ಸೂಪರ್‌ವೈಸರ್ ಹೇಳೋದು ಮೆಟೀರಿಯಲ್ ಟೈಮಿಗೆ ಬರಲ್ಲ ಅಂತ, ಸ್ಟೋರ್ ನೋಡ್ಕೊಳ್ಳೋ ಚಿಕ್ಕಪ್ಪ ಹೇಳೋದು ಪ್ಲಾನಿಂಗೇ ಇಲ್ಲ ಅಂತ. ನನಗೆ ಅನ್ಸೋದು ಸೆಟ್ಟರ್‌ಗಳು (ಹೊಸ ಜಾಬಿಗೆ ಮಷೀನ್ ಹೊಂದಿಸೋರು) ಸಾಲಲ್ಲ, ಇರೋದು ಮೂರೇ ಜನ, ಅದ್ರಲ್ಲಿ ಒಬ್ರು ಬಿಡ್ತೀನಿ ಅಂತಿದಾರೆ.

ಈಗ ಎರಡು ದಾರಿ ಮುಂದಿದೆ. 6 ಲಕ್ಷ ಕೊಟ್ಟು ಆರ್ಡರ್, ಸ್ಟಾಕ್, ಪ್ರೊಡಕ್ಷನ್ ಎಲ್ಲಾ ನೋಡ್ಕೊಳ್ಳೋ ಸಾಫ್ಟ್‌ವೇರ್ ಅಂದ್ರೆ ಇಆರ್‌ಪಿ ಹಾಕ್ಸೋದು, ಇಲ್ಲಾಂದ್ರೆ ಸಾಲ ಮಾಡಿ ಇನ್ನೊಂದು ಟರ್ನಿಂಗ್ ಸೆಂಟರ್ ತಗೊಳ್ಳೋದು. ಎರಡಕ್ಕೂ ದುಡ್ಡು ಇಲ್ಲ. ಯಾವುದು ಮಾಡ್ಲಿ? ಇಂಥದ್ದು ಅನುಭವಿಸಿರೋರು ಹೇಳಿ.

ಡೇಟಾಪ್ರಿಯ:
ಇಆರ್‌ಪಿ ಕಣ್ಮುಚ್ಚಿ ತಗೊಳ್ಳಿ. ಯಾವ ಜಾಬ್ ಎಲ್ಲಿದೆ ಅಂತ ಗೊತ್ತಿಲ್ದೆ 26 ಜನರನ್ನ ಹೇಗೆ ನಡೆಸ್ತೀರ?

ಗೋಕುಲರೋಡ್:
ತಡೀರಿ ತಡೀರಿ, ಅವಸರ ಮಾಡಬ್ಯಾಡ್ರಿ. ಹುಬ್ಬಳ್ಳ್ಯಾಗ ನಮ್ಮ ಯೂನಿಟ್‌ನಾಗೂ ಇದ ಆಗಿತ್ತು. ನಾಕು ಲಕ್ಷ ಕೊಟ್ಟು ಸಾಫ್ಟ್‌ವೇರ್ ತಗೊಂಡ್ವಿ. ಮೊದಲನೇ ತಿಂಗಳು ಎಲ್ಲಾರೂ ಎಂಟ್ರಿ ಮಾಡಿದ್ರು. ಆಮ್ಯಾಲ ಸಂಜಿ ಆರಕ್ಕ ಒಬ್ಬ ಹುಡುಗ ಕುಂತು ಇಡೀ ದಿನದ್ದು ಅಂದಾಜಿನ ಮ್ಯಾಲೆ ತುಂಬತಿದ್ದ. ಸ್ಕ್ರೀನ್ ಮ್ಯಾಲೆ ಎಲ್ಲಾ ಹಸಿರು, ಡಿಸ್ಪ್ಯಾಚ್ ಬಾಗಲದಾಗ ನೋಡಿದ್ರ ಒಂದು ಕ್ರೇಟೂ ಇಲ್ಲ. ಕೈಲೆ ಬರಿಯೋ ಶಿಸ್ತ ಇಲ್ಲದ ಜಾಗಾದಾಗ ಕಂಪ್ಯೂಟರ್ ಬಂದು ಏನ್ ಮಾಡತೈತ್ರಿ? ಮೊದಲ ವಹಿ ಇಡ್ರಿ, ಆಮ್ಯಾಲ ಸಾಫ್ಟ್‌ವೇರ್.

ಮೈಸೂರುಎಂಬಿಎ:
ಇಬ್ರೂ ಹೇಳಿದ್ದು ಸರಿ, ಆದ್ರೆ ಮೂಲ ಸಮಸ್ಯೆ ಆರ್ಗನೈಸೇಷನ್ ಸ್ಟ್ರಕ್ಚರ್. 26 ಜನರಲ್ಲಿ ಯಾರು ಯಾರಿಗೆ ರಿಪೋರ್ಟ್ ಮಾಡ್ತಾರೆ ಅಂತ ಒಂದು ಚಾರ್ಟ್ ಹಾಕಿ. ಪ್ರತಿಯೊಬ್ಬರಿಗೂ ಗುರಿ ಕೊಡಿ, ತಿಂಗಳಿಗೊಂದ್ಸಲ ರಿವ್ಯೂ ಮಾಡಿ.

ಹಳೇಪ್ಲಾನರ್:
ಚಾರ್ಟ್ ಆಮೇಲೆ. ಹುಡುಗ ಒಂದು ಪ್ರಶ್ನೆಗೆ ಉತ್ತರ ಕೊಡಲಿ. ನಿಮ್ಮ 9 ಮಷೀನು ವಾರಕ್ಕೆ ಎಷ್ಟು ಗಂಟೆ ನಿಜವಾಗಿ ಚಿಪ್ ತೆಗೀತಾವೆ? ಆನ್ ಆಗಿರೋ ಗಂಟೆ ಕೇಳ್ತಿಲ್ಲ, ಟೂಲ್ ಲೋಹಕ್ಕೆ ತಾಗಿ ಓಡೋ ಗಂಟೆ ಕೇಳ್ತಿರೋದು.

ಸೆಕೆಂಡ್‌ಸ್ಟೇಜ್‌ಹುಡುಗ:
ಸರ್ ಸರಿಯಾಗಿ ಗೊತ್ತಿಲ್ಲ. ಅಪ್ಪ 80 ಪರ್ಸೆಂಟ್ ಅಂತಾರೆ.

ಹಳೇಪ್ಲಾನರ್:
ನಾನು 31 ವರ್ಷ ಪ್ಲಾನಿಂಗಲ್ಲಿ ಕೆಲಸ ಮಾಡಿ ರಿಟೈರ್ ಆದವನು. 80 ಅಂತ ಹೇಳಿದ ಶಾಪ್‌ಗಳು ಬೇಕಾದಷ್ಟು ನೋಡಿದೀನಿ, ಅಳೆದು ನೋಡಿದಾಗ 80 ಬಂದದ್ದು ಒಂದೂ ನೆನಪಿಲ್ಲ.

ಒಂದು ಕೆಲಸ ಮಾಡಪ್ಪ. ಪ್ರತಿ ಮಷೀನಿಗೂ ಒಂದು ಇನ್ನೂರು ಪುಟದ ನೋಟ್‌ಬುಕ್ ದಾರ ಕಟ್ಟಿ ನೇತುಹಾಕು. ಮಷೀನ್ ನಿಂತ್ರೆ ಆಪರೇಟರ್ ಬರೀಬೇಕಾದ್ದು ಮೂರೇ ವಿಷಯ: ಎಷ್ಟು ಗಂಟೆಗೆ ನಿಲ್ತು, ಎಷ್ಟಕ್ಕೆ ಹೊರಡ್ತು, ಯಾಕೆ. ಆ ಯಾಕೆ ಅನ್ನೋದಕ್ಕೆ ಆರೇ ಆರು ಅಕ್ಷರ ಕೊಡು, ಸೆ ಅಂದ್ರೆ ಸೆಟ್ಟಿಂಗ್, ಫ ಅಂದ್ರೆ ಫಸ್ಟ್ ಪೀಸ್ (ಸೆಟ್ ಆದ್ಮೇಲೆ ಬರೋ ಮೊದಲ ಪೀಸ್) ಅಪ್ರೂವಲ್‌ಗೆ ಕಾಯ್ತಿರೋದು, ಮೆ ಮೆಟೀರಿಯಲ್ ಇಲ್ಲ, ಟೂ ಟೂಲ್ ಅಥವಾ ಇನ್ಸರ್ಟ್ (ಟೂಲ್ ತುದಿಗೆ ಹಾಕೋ, ಲೋಹ ಕತ್ತರಿಸೋ ಬಿಲ್ಲೆ) ಇಲ್ಲ, ಆ ಆಪರೇಟರ್ ಇಲ್ಲ, ಬ್ರೇ ಬ್ರೇಕ್‌ಡೌನ್. ಒಂದೇ ಒಂದು ವಾರ. ಯಾರ ಹೆಸರೂ ಬೇಡ. ಎಲ್ಲಕ್ಕಿಂತ ಮುಖ್ಯ, ಆ ಪುಸ್ತಕ ಹಿಡ್ಕೊಂಡು ಯಾರಿಗೂ ಬೈಯಲ್ಲ ಅಂತ ನಿನ್ನ ಅಪ್ಪನ ಬಾಯಿಂದಲೇ ಎಲ್ಲರ ಎದುರಿಗೆ ಹೇಳಿಸು. ಒಬ್ಬನಿಗೆ ಬೈದ್ರೂ ಮಾರನೇ ದಿನದಿಂದ ಎಲ್ಲರೂ ಸುಳ್ಳು ಬರೀತಾರೆ, ಜೀವ ಉಳಿಸ್ಕೊಳ್ಳೋಕೆ ಯಾರಾದ್ರೂ ಹಾಗೇ ಮಾಡೋದು. 1950ರಲ್ಲಿ ಜಪಾನಿಗೆ ಹೋಗಿ ಕ್ವಾಲಿಟಿ ಪಾಠ ಮಾಡಿದ ಡೆಮಿಂಗ್ ಅವರ 14 ಅಂಶಗಳಲ್ಲಿ ಕೆಲಸದ ಜಾಗದಿಂದ ಭಯ ಓಡಿಸಿ ಅನ್ನೋದೂ ಒಂದು. ಅದನ್ನ ಗೋಡೆಗೆ ಹಾಕಿರೋ ಫ್ಯಾಕ್ಟರಿ ನೋಡಿದೀನಿ, ಪಾಲಿಸಿದ್ದು ನೋಡಿರೋದು ಕಡಿಮೆ.

ಉದ್ಯಮಬಾಗ:
ಸರ್ ಹೇಳಿದ್ದೆಲ್ಲಾ ಪುಸ್ತಕದ ಮಾತು. ಖರೇ ಸಮಸ್ಯೆ ಜನರದ್ದು. ಬೆಳಗಾವಿ ಫೌಂಡ್ರಿಯೊಳಗೂ ಅದ, ಪೀಣ್ಯಾದಾಗೂ ಅದ. ಕಲಿಸಿ ತಯಾರು ಮಾಡೂದು, ಎರಡು ಸಾವಿರ ಜಾಸ್ತಿ ಸಿಕ್ಕ ಕೂಡ್ಲೇ ಬಾಜೂ ಶೆಡ್ಡಿಗೆ ಹೋಗೂದು. ನಿಯತ್ತ ಅನ್ನೂದು ಉಳದಿಲ್ಲ.

ಸೆಟ್ಟರ್ತುಮಕೂರು:
ನಿಯತ್ತಿನ ಬಗ್ಗೆ ಮಾತು ಬಂತಲ್ಲ, ನಾನು ಹೇಳ್ತೀನಿ. ಐಟಿಐ ಮುಗಿಸಿ 11 ವರ್ಷದಿಂದ ಸೆಟ್ಟರ್ ಕೆಲಸ ಮಾಡ್ತಿದೀನಿ, ಮೂರು ಕಂಪನಿ ಬಿಟ್ಟಿದೀನಿ. ಒಂದರಲ್ಲಿ ಮಾತ್ರ ದುಡ್ಡಿಗೆ ಬಿಟ್ಟಿದ್ದು. ಉಳಿದ ಎರಡರಲ್ಲಿ ಯಾಕೆ ಬಿಟ್ಟೆ ಗೊತ್ತಾ? ಬೆಳಗ್ಗೆ ಹೋಗಿ ಒಂದು ಜಾಬ್ ಅರ್ಧ ಸೆಟ್ ಮಾಡಿರ್ತೀನಿ, ಓನರ್ ಬಂದು ಇದು ತೆಗಿ ಅದು ಹಾಕು ಕಸ್ಟಮರ್ ಫೋನ್ ಮಾಡಿದ್ರು ಅಂತಾರೆ, ಜಾಸ್ (ಪೀಸ್ ಕಚ್ಚಿ ಹಿಡಿಯೋ ದವಡೆ) ಬಿಚ್ಚಿ ಬೇರೆ ಕಟ್ಟಿ ಪ್ರೋಗ್ರಾಂ ಹಾಕಿ ಆಫ್‌ಸೆಟ್ ತಗೊಳ್ಳೋ ಹೊತ್ತಿಗೆ ಮಧ್ಯಾಹ್ನ ಇನ್ನೊಬ್ಬರು ಬಂದು ಮೊದಲನೇದೇ ಹಾಕು ಅಂತಾರೆ. ಸಂಜೆ ಲೆಕ್ಕ ಹಾಕಿದ್ರೆ ಸೊನ್ನೆ ಪೀಸ್. ಆಗ ಬೈಗುಳ ತಿನ್ನೋದು ಯಾರು? ನಾನು. ಪೀಸ್ ಸರಿ ಇದೆ ಅಂತ ಗೇಜ್ ಹಾಕಿ ನನ್ನ ಕಣ್ಣಾರೆ ನೋಡಿರ್ತೀನಿ, ಆದ್ರೂ ಸ್ಟಾರ್ಟ್ ಒತ್ತೋಕೆ ಅನುಮತಿ ಇಲ್ಲ, ದೊಡ್ಡೋರು ಬಂದು ನೋಡೋವರೆಗೂ ನಿಂತಿರಬೇಕು. ಹನ್ನೊಂದು ವರ್ಷ ಕೆಲಸ ಮಾಡಿದವನಿಗೆ ಒಂದು ಬುಷ್ ಸರಿಯಿದೆ ಅಂತ ಹೇಳೋ ಹಕ್ಕಿಲ್ಲ ಅಂದ್ರೆ ಅಲ್ಲಿ ಯಾಕೆ ಇರ್ಬೇಕು?

ಉದ್ಯಮಬಾಗ:
ಅಣ್ಣಾ ನಿಮ್ಮ ಮಾತು ಮನಸ್ಸಿಗೆ ತಾಗ್ತು. ಆದ್ರ ಎಲ್ಲಾ ಸೆಟ್ಟರ್ ನಿಮ್ಮಂಗ ಇರಂಗಿಲ್ಲ.

ಸೆಟ್ಟರ್ತುಮಕೂರು:
ಎಲ್ಲಾ ಓನರ್‌ಗಳೂ ಒಂದೇ ಥರ ಇರಲ್ಲ ಅಣ್ಣ. ನೋಡಿ ನಂಬಿ ಅಷ್ಟೇ.

ನೈಟ್‌ಶಿಫ್ಟ್:
ರಾತ್ರಿ ಪಾಳಿಯೋರ ಬಗ್ಗೆ ಯಾರೂ ಮಾತಾಡ್ತಿಲ್ಲ. ರಾತ್ರಿ ಇನ್ಸರ್ಟ್ ಮುರಿದ್ರೆ ಬೀರು ಕೀಲಿ ಇರೋರು ಮನೇಲಿ ಮಲಗಿರ್ತಾರೆ. ಬೆಳಗಿನವರೆಗೂ ಮಷೀನ್ ನಿಂತಿರುತ್ತೆ, ಬೆಳಗ್ಗೆ ಬಂದೋರು ರಾತ್ರಿ ಮಲ್ಕೊಂಡಿದ್ರಾ ಅಂತ ಕೇಳ್ತಾರೆ.

ಲೆಕ್ಕದಮೇಡಂ:
ವಿಷಯ ಸ್ವಲ್ಪ ಬೇರೆ, ಆದರೂ ಕೇಳ್ತೀನಿ. ಎರಡಕ್ಕೂ ದುಡ್ಡಿಲ್ಲ ಅಂದ್ರಲ್ಲ, ನಿಮಗೆ ಬರಬೇಕಾದ ಬಾಕಿ ಎಷ್ಟು ದಿನದ್ದು?

ಸೆಕೆಂಡ್‌ಸ್ಟೇಜ್‌ಹುಡುಗ:
ದೊಡ್ಡ ಕಸ್ಟಮರ್ 90 ದಿನ ಮೇಡಂ. ಇನ್ನೊಬ್ರು 110 ದಿನದವರೆಗೂ ಎಳೀತಾರೆ. ಕಚ್ಚಾ ಲೋಹದ ಬಾರ್ ಸ್ಟಾಕ್‌ನೋರಿಗೆ ನಾವು ಕೊಡೋದು 30 ದಿನಕ್ಕೆ.

ಲೆಕ್ಕದಮೇಡಂ:
ಹಾಗಾದ್ರೆ ಮೆಟೀರಿಯಲ್ ಯಾಕೆ ಲೇಟಾಗಿ ಬರುತ್ತೆ ಅಂತ ಅರ್ಧ ಉತ್ತರ ಇಲ್ಲೇ ಸಿಕ್ತು ನೋಡಿ. ಬಾರ್ ತರೋಕೆ ದುಡ್ಡಿಲ್ಲದೆ ಕಾಯ್ತೀರ, ನಿಮ್ಮ ಸೂಪರ್‌ವೈಸರ್ ಹೇಳ್ತಿರೋದು ಸುಳ್ಳಲ್ಲ.

ನಿಮ್ಮದು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರದ ನೋಂದಣಿ) ಆಗಿದ್ದು ಮೈಕ್ರೋ ಅಥವಾ ಸ್ಮಾಲ್ ಅಂತಿದ್ರೆ, 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಕಸ್ಟಮರ್ ಜೊತೆ ಲಿಖಿತ ಒಪ್ಪಂದ ಇದ್ರೂ ಮಾಲು ಒಪ್ಪಿಕೊಂಡ ದಿನದಿಂದ 45 ದಿನ ಮೀರೋ ಹಾಗಿಲ್ಲ. ಒಪ್ಪಂದ ಇಲ್ಲದಿದ್ರೆ 15 ದಿನ. ಮೀರಿದ್ರೆ ಆರ್‌ಬಿಐ ಬ್ಯಾಂಕ್ ರೇಟಿನ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. 2023ರ ಹಣಕಾಸು ಕಾಯ್ದೆ ಇನ್ನೊಂದು ಹಿಡಿತ ತಂತು, ಆದಾಯ ತೆರಿಗೆಯ 43ಬಿ(ಎಚ್). ಈ ಗಡುವಿನೊಳಗೆ ನಿಮಗೆ ಕೊಡದೆ ವರ್ಷದ ಕೊನೆಗೂ ಬಾಕಿ ಉಳಿಸಿಕೊಂಡ್ರೆ ಆ ಖರ್ಚನ್ನ ಅವರು ಆ ವರ್ಷದ ಲೆಕ್ಕದಲ್ಲಿ ಕಳೆಯೋಕೆ ಆಗಲ್ಲ, ಕೊಟ್ಟ ವರ್ಷವೇ ಕಳೀಬೇಕು. ಮಾರ್ಚ್ ಬಂತು ಅಂದ್ರೆ ಅವರ ಅಕೌಂಟ್ಸ್‌ನೋರೇ ಫೋನ್ ಮಾಡ್ತಾರೆ.

ಗೋಕುಲರೋಡ್:
ಮೇಡಂ, ಕಾಯ್ದಾ ಛಲೋ ಐತಿ. ಆದ್ರ ಬಡ್ಡಿ ಕೊಡ್ರಿ ಅಂತ ಪತ್ರ ಬರದ್ರ ಮುಂದಿನ ಆರ್ಡರ್ ಬರತೈತೇನ್ರಿ? ನೀರಾಗಿದ್ದು ಮೊಸಳಿ ಕೂಡ ವೈರ ಕಟ್ಟಿಕೊಂಡಂಗ ಆಗತೈತಿ.

ಲೆಕ್ಕದಮೇಡಂ:
ಆ ಭಯ ನಿಜ, ಅಲ್ಲ ಅನ್ನಲ್ಲ. ಅದಕ್ಕೇ ನಾನು ಮೊದಲು ದೂರು ಕೊಡಿ ಅನ್ನಲ್ಲ. ಪ್ರತಿ ಇನ್‌ವಾಯ್ಸ್ ಮೇಲೆ ಉದ್ಯಮ್ ನಂಬರ್ ದೊಡ್ಡದಾಗಿ ಹಾಕಿ, ಜಿಆರ್‌ಎನ್ (ಕಸ್ಟಮರ್ ಮಾಲು ಪಡೆದ ರಸೀದಿ) ದಿನಾಂಕ ತಗೊಂಡು ಇಟ್ಕೊಳ್ಳಿ. ನಿಮ್ಮ ಕಸ್ಟಮರ್ ವಹಿವಾಟು 250 ಕೋಟಿ ಮೀರಿದ್ರೆ ಟ್ರೆಡ್ಸ್ ಅನ್ನೋ ಬಿಲ್ ಡಿಸ್ಕೌಂಟ್ ಮಾಡೋ ಆನ್‌ಲೈನ್ ವೇದಿಕೆಗೆ ಸೇರಲೇಬೇಕು ಅಂತ 2024ರ ನವೆಂಬರಲ್ಲಿ ಕೇಂದ್ರ ಆದೇಶ ಬಂದಿದೆ, ಮೊದಲು ಆ ಮಿತಿ 500 ಕೋಟಿ ಇತ್ತು. ಅಲ್ಲಿ ಅವರು ನಿಮ್ಮ ಬಿಲ್ ಒಪ್ಪಿದ್ರೆ ಬ್ಯಾಂಕ್‌ಗಳು ಹರಾಜಲ್ಲಿ ಡಿಸ್ಕೌಂಟ್ ಮಾಡಿ ಕೆಲವೇ ದಿನಕ್ಕೆ ದುಡ್ಡು ಕೊಡ್ತಾರೆ. ಮುಂದೆ ಕಸ್ಟಮರ್ ಕಟ್ಟದಿದ್ರೂ ಬ್ಯಾಂಕ್ ನಿಮ್ಮ ಹತ್ರ ವಾಪಸ್ ಕೇಳೋ ಹಾಗಿಲ್ಲ. ಜಗಳ ಇಲ್ಲದ ದಾರಿ ಅದು. ಕೇಳಿ ನೋಡಿ.

ಡೇಟಾಪ್ರಿಯ:
ಮೇಡಂ ನಂದು ಟ್ರೇಡಿಂಗ್, ನನಗೂ 45 ದಿನ ಅನ್ವಯ ಆಗುತ್ತಾ?

ಲೆಕ್ಕದಮೇಡಂ:
ಬರೀ ಟ್ರೇಡಿಂಗ್ ಆದ್ರೆ ಉದ್ಯಮ್ ನೋಂದಣಿ ಸಿಗುತ್ತೆ, ಆದರೆ ಅದು ಬ್ಯಾಂಕಿನ ಆದ್ಯತಾ ಸಾಲಕ್ಕೆ ಮಾತ್ರ. ಈ ತಡಪಾವತಿ ರಕ್ಷಣೆ ಬರಲ್ಲ.

ಸೆಕೆಂಡ್‌ಸ್ಟೇಜ್‌ಹುಡುಗ:
ಎಲ್ರಿಗೂ ಥ್ಯಾಂಕ್ಸ್, ಹತ್ತು ದಿನ ಆದ್ಮೇಲೆ ಬರ್ತಿದೀನಿ. ನೋಟ್‌ಬುಕ್ ನೇತುಹಾಕಿದ್ವಿ. ಯಾರಿಗೂ ಬೈಯಲ್ಲ ಅಂತ ಹೇಳೋಕೆ ಅಪ್ಪ ಮೊದಲು ಒಪ್ಲಿಲ್ಲ, ಕೊನೆಗೆ ಟೀ ಟೈಮಲ್ಲಿ ಎಲ್ಲರ ಮುಂದೆ ಹೇಳಿದ್ರು. ಮೊದಲ ಎರಡು ದಿನ ಯಾರೂ ಸರಿಯಾಗಿ ಬರೀಲಿಲ್ಲ, ಮೂರನೇ ದಿನದಿಂದ ಹೊಸದಾಗಿ ಲೆಕ್ಕ ಶುರು ಮಾಡಿ ಆರು ದಿನ ತಗೊಂಡೆ.

9 ಮಷೀನ್, ದಿನಕ್ಕೆ 16 ಗಂಟೆ, 6 ದಿನ, ಒಟ್ಟು 864 ಗಂಟೆ. ಅದ್ರಲ್ಲಿ ನಿಂತಿದ್ದು 371 ಗಂಟೆ. ಅಂದ್ರೆ ಓಡಿದ್ದು 57 ಪರ್ಸೆಂಟ್, ಅಪ್ಪ ಹೇಳಿದ 80 ಎಲ್ಲಿ ಇದೆಲ್ಲಿ. ನಿಂತಿದ್ದರ ಲೆಕ್ಕ ಹೀಗಿದೆ: ಸೆಟ್ಟಿಂಗ್ 92 ಗಂಟೆ, ಮೆಟೀರಿಯಲ್ ಇಲ್ಲ 54, ಟೂಲ್ ಇನ್ಸರ್ಟ್ 41, ಆಪರೇಟರ್ ಇಲ್ಲ 38, ಬ್ರೇಕ್‌ಡೌನ್ 28. ಫಸ್ಟ್ ಪೀಸ್ ಅಪ್ರೂವಲ್‌ಗೆ ಕಾದಿದ್ದು 118.

ಎಲ್ಲಕ್ಕಿಂತ ದೊಡ್ಡದು ಅದೇ. ಆರು ದಿನದಲ್ಲಿ 62 ಸೆಟ್ಟಿಂಗ್ ಆಗಿದೆ, ಒಂದೊಂದು ಸೆಟ್ಟಿಂಗ್ ಮಾಡೋಕೆ ಸರಾಸರಿ ಒಂದೂವರೆ ಗಂಟೆ, ಸೆಟ್ ಆದ್ಮೇಲೆ ಸರಿ ಅನ್ನಿಸ್ಕೊಳ್ಳೋಕೆ ಸುಮಾರು ಎರಡು ಗಂಟೆ. ನಮ್ಮಲ್ಲಿ ಫಸ್ಟ್ ಪೀಸ್‌ಗೆ ಸೈನ್ ಮಾಡೋದು ಒಬ್ರೇ. ಅಪ್ಪ. ಅವರು ಬೆಳಗ್ಗೆ 11ರಿಂದ 1 ಗಂಟೆ ಬ್ಯಾಂಕು, ಕಸ್ಟಮರ್ ಅಂತ ಹೊರಗಿರ್ತಾರೆ, ಸಂಜೆ ಏಳೂವರೆಗೆ ಮನೆಗೆ ಹೋಗ್ತಾರೆ. ಆಮೇಲೆ ರಾತ್ರಿ ಸೆಟ್ ಆಗಿದ್ದು ಕಾಯ್ತಾನೇ ಇರುತ್ತೆ.

ಮೂರು ದಿನದಿಂದ ಈ ಹಾಳೆ ಜೇಬಲ್ಲಿ ಇಟ್ಕೊಂಡು ಓಡಾಡ್ತಿದೀನಿ, ಅಪ್ಪಂಗೆ ತೋರಿಸೋಕೆ ಧೈರ್ಯ ಬರ್ತಿಲ್ಲ.

ಸೆಟ್ಟರ್ತುಮಕೂರು:
ನಾನು ಹೇಳಿದ್ದು ಇದನ್ನೇ.

ಡೇಟಾಪ್ರಿಯ:
ನಾನು ಇಆರ್‌ಪಿ ಅಂದಿದ್ದು ವಾಪಸ್ ತಗೋತೀನಿ. ಆದ್ರೆ ಈ ವಿಷಯಕ್ಕೆ ಒಂದು ಲೆಕ್ಕ ಹೇಳ್ತೀನಿ, ಕಾಲ್ ಸೆಂಟರ್‌ಗಳಲ್ಲಿ ಬಳಸೋದು ಇದನ್ನೇ. ಒಬ್ರ ಟೇಬಲ್‌ಗೆ ಪೀಸ್‌ಗಳು ಹೇಳಿಕೇಳಿ ಬರಲ್ಲ, ಯಾವಾಗಂದ್ರೆ ಆವಾಗ ಬರ್ತವೆ. ಒಂದು ಪೀಸ್ ನೋಡೋಕೆ ಸರಾಸರಿ 10 ನಿಮಿಷ ಅಂತಿಟ್ಕೊಳ್ಳಿ. ಆ ವ್ಯಕ್ತಿಯ ಸಮಯ ಅರ್ಧ ತುಂಬಿದ್ರೆ ಪೀಸ್ ಸರಾಸರಿ 10 ನಿಮಿಷ ಕಾಯುತ್ತೆ, 80 ಪರ್ಸೆಂಟ್ ತುಂಬಿದ್ರೆ 40 ನಿಮಿಷ, 90 ಆದ್ರೆ ಒಂದೂವರೆ ಗಂಟೆ, 95 ಆದ್ರೆ ಮೂರು ಗಂಟೆ ದಾಟುತ್ತೆ. ಕೆಲಸ ಮಾಡೋ ವೇಗ ಒಂದು ಚೂರೂ ಕಡಿಮೆ ಆಗಿಲ್ಲ ನೋಡಿ, ಸುಮ್ನೆ ಬಿಡುವು ಇಲ್ಲ ಅಷ್ಟೇ. ನಿಮ್ಮ ತಂದೆ ಬೆಳಗ್ಗಿಂದ ರಾತ್ರಿವರೆಗೂ ಒಂದು ನಿಮಿಷ ಕೂರದೆ ದುಡೀತಿರಬಹುದು, ಅದೇ ಕಾರಣಕ್ಕೆ ಮಷೀನ್ ನಿಲ್ತಿವೆ.

ಗೇರುಬೀಜ:
ಮಾರಾಯ್ರೇ ನಮ್ಮ ಗೇರುಬೀಜದ ಫ್ಯಾಕ್ಟರಿಯಲ್ಲೂ ಹೀಗೇ ಉಂಟು. ಬೀಜದ ಗ್ರೇಡಿಂಗ್ ಅಂದ್ರೆ ಡಬ್ಲ್ಯೂ 180, 240, 320 ಅಂತ, ಒಂದು ಪೌಂಡಿಗೆ ಎಷ್ಟು ಬೀಜ ಬರ್ತದೆ ಅನ್ನುವ ಲೆಕ್ಕ. ಮೊದಲು ನಮ್ಮ ಮಾವ ಒಬ್ಬರೇ ಕೊನೆಯಲ್ಲಿ ಕೈ ಹಾಕಿ ನೋಡಿ ಆಯ್ತು ಹೇಳ್ಬೇಕಿತ್ತು, ಅವರು ಮದುವೆಗೆ ಹೋದ ದಿನ ಪ್ಯಾಕಿಂಗ್ ಬಂದ್. ಗ್ರೇಡಿಂಗ್ ಮಾಡುವ ಹೆಂಗಸರು ಇಪ್ಪತ್ತು ವರ್ಷದಿಂದ ಅದೇ ಕೆಲಸ ಮಾಡಿದವರು, ಅವರ ಕಣ್ಣು ಮಾವನ ಕಣ್ಣಿಗಿಂತ ಚುರುಕು. ಈಗ ಅವರಲ್ಲೇ ಇಬ್ಬರು ಒಬ್ಬರದ್ದು ಒಬ್ಬರು ನೋಡ್ತಾರೆ. ಮಾವ ದಿನಕ್ಕೆ ಎರಡು ಸಲ ಯಾವುದಾದರೂ ಒಂದು ತಟ್ಟೆ ಎತ್ತಿ ನೋಡುದು ಮಾತ್ರ.

ಮೈಸೂರುಎಂಬಿಎ:
ಹಾಗಾದ್ರೆ ಉತ್ತರ ಸುಲಭ. ಅಪ್ಪನನ್ನ ಅಪ್ರೂವಲ್‌ನಿಂದ ತೆಗೀರಿ, ಅಧಿಕಾರ ಕೆಳಗೆ ಕೊಡಿ.

ಹಳೇಪ್ಲಾನರ್:
ತೆಗೀರಿ ಅಂತ ಅಷ್ಟು ಸಲೀಸಾಗಿ ಹೇಳಬೇಡಿ ಸ್ವಾಮಿ. ಒಬ್ಬ ಮನುಷ್ಯ ದಿನಕ್ಕೆ ಹತ್ತು ಪೀಸ್ ಕೈಯಲ್ಲಿ ಹಿಡಿದು ನೋಡ್ತಾನೆ ಅಂದ್ರೆ ಅದಕ್ಕೊಂದು ಕಾರಣ ಇರುತ್ತೆ. ಹುಡುಗ, ಈ ಸೈನ್ ಮಾಡೋ ಪದ್ಧತಿ ಯಾವಾಗ ಶುರುವಾಯ್ತು ಅಂತ ವಿಚಾರಿಸಿದೀಯಾ?

ಸೆಕೆಂಡ್‌ಸ್ಟೇಜ್‌ಹುಡುಗ:
ಸರ್ ನೀವು ಕೇಳಿದ್ಮೇಲೆ ಅಮ್ಮನ್ನ ಕೇಳಿದೆ. 2009ರಲ್ಲಂತೆ. 1,800 ಬುಷ್ ಬೋರ್ (ಒಳಗಿನ ತೂತು) ಓವರ್‌ಸೈಜ್ ಆಗಿ ಇಡೀ ಲಾಟ್ ವಾಪಸ್ ಬಂತಂತೆ. ಆ ಕಸ್ಟಮರ್ ಹೋದ್ರು, ಡೆಬಿಟ್ ನೋಟ್ ಬಂತು, ಅಮ್ಮನ ಬಳೆ ಅಡ ಇಟ್ಟು ಆ ತಿಂಗಳ ಸಂಬಳ ಕೊಟ್ಟಿದ್ದಂತೆ. ಆಗ ನಾನು ಹೈಸ್ಕೂಲು, ನನಗೆ ಒಂದೂ ಗೊತ್ತಾಗಿರ್ಲಿಲ್ಲ. ಅವತ್ತಿಂದ ಅಪ್ಪ ನೋಡದೆ ಒಂದು ಪೀಸೂ ಓಡಿಲ್ಲ. ಇದನ್ನ ಬರೀವಾಗ ಕೈ ನಡುಗ್ತಿದೆ. ಎರಡು ವರ್ಷದಿಂದ ನಾನು ಅವರನ್ನ ಹಠಮಾರಿ ಅಂದ್ಕೊಂಡಿದ್ದೆ.

ಗೇರುಬೀಜ:
ಪಾಪ. ಆ ಹಾಳೆ ಜೇಬಲ್ಲೇ ಇರ್ಲಿ ಈಗ. ಮೊದಲು ಅವರ ಹತ್ರ 2009ರ ಕಥೆ ಕೇಳಿ.

ಗೋಕುಲರೋಡ್:
ಖರೇ ಹೇಳಿದ್ರಿ ಅಕ್ಕಾರ. ಮಂದಿ ಮುಂದ ತೋರಸಬ್ಯಾಡ್ರಿ, ಮನ್ಯಾಗ ಊಟಾ ಆದಮ್ಯಾಲ ಕುಂತು ಮಾತಾಡ್ರಿ.

ಹಳೇಪ್ಲಾನರ್:
ಅದು ಗೊತ್ತಾದ ಮೇಲೆ ದಾರಿ ಕಾಣುತ್ತೆ. 2009ರಲ್ಲಿ ತಪ್ಪಿದ್ದು ಎಲ್ಲಿ? ಪೀಸ್ ಅಳೆಯೋ ಪದ್ಧತಿ ಇರಲಿಲ್ಲ, ಅದಕ್ಕೆ ಅವರು ತಮ್ಮನ್ನೇ ಪದ್ಧತಿ ಮಾಡ್ಕೊಂಡ್ರು. ಮೂರು ಮಷೀನ್ ಇದ್ದಾಗ ಅದು ಸರಿ ಹೋಯ್ತು, ಒಂಬತ್ತಕ್ಕೆ ಒಬ್ಬ ಮನುಷ್ಯ ಸಾಲಲ್ಲ. ಅವರ ಕಣ್ಣಿಗೆ ಏನು ಕಾಣುತ್ತೋ ಅದನ್ನ ಹಾಳೆ ಮೇಲೆ ಇಳಿಸಬೇಕು. ಯಾವ ಪಾರ್ಟಲ್ಲಿ ಕೂಲೆಂಟ್ ಬಿಸಿಯಾದ್ರೆ ಬೋರ್ ಹೋಗುತ್ತೆ, ಯಾವುದರಲ್ಲಿ ಜಾಸ್ ಬಿಗಿ ಜಾಸ್ತಿಯಾದ್ರೆ ಓವಾಲಿಟಿ ಬರುತ್ತೆ (ದುಂಡಗಿರಬೇಕಾದ್ದು ಅಂಡಾಕಾರ ಆಗುತ್ತೆ), ಇದೆಲ್ಲ ಅವರ ತಲೇಲಿ ಮಾತ್ರ ಇದೆ. ಅವರು ಹೇಳ್ತಾ ಹೋಗ್ಲಿ, ನೀನು ಬರ್ಕೋ. ಪಾರ್ಟಿಗೊಂದು ಹಾಳೆ. 62 ಸೆಟ್ಟಿಂಗಲ್ಲಿ ಹಿಂದೆ ಮಾಡಿದ ಪಾರ್ಟೇ ಮತ್ತೆ ಬಂದದ್ದು ಎಷ್ಟು?

ಸೆಕೆಂಡ್‌ಸ್ಟೇಜ್‌ಹುಡುಗ:
ಎಣಿಸಿದೆ ಸರ್. 47.

ಹಳೇಪ್ಲಾನರ್:
ಆ 47ಕ್ಕೆ ಸೆಟ್ಟರ್ ಅಳೆದು ಬರೀಲಿ, ಬೇರೊಬ್ಬ ಸೆಟ್ಟರ್ ಅಥವಾ ಸೂಪರ್‌ವೈಸರ್ ಮತ್ತೆ ಅಳೆದು ಸೈನ್ ಮಾಡ್ಲಿ, ಇಬ್ಬರ ಓದೂ ಡ್ರಾಯಿಂಗ್ ಒಳಗಿದ್ದು ಪರಸ್ಪರ ತಾಳೆಯಾದ್ರೆ ಓಡಿಸಲಿ. ಹೊಸ ಡ್ರಾಯಿಂಗ್‌ನ 15 ಮಾತ್ರ ಅಪ್ಪನ ಟೇಬಲ್‌ಗೆ. ಗೇಜ್‌ಗಳು ಕ್ಯಾಲಿಬ್ರೇಟ್ ಆಗಿರಬೇಕು, ಇಲ್ಲಾಂದ್ರೆ ಈ ಮಾತೆಲ್ಲ ದಂಡ.

ಇನ್ನು ಆ 92 ಗಂಟೆ ಸೆಟ್ಟಿಂಗು. ಟೊಯೊಟಾದಲ್ಲಿ ಸಾವಿರ ಟನ್ ಪ್ರೆಸ್ಸಿನ ಡೈ ಬದಲಾಯಿಸೋಕೆ 4 ಗಂಟೆ ಹಿಡೀತಿತ್ತು, ಜಪಾನಿನ ಇಂಜಿನಿಯರ್ ಶಿಗೆಯೊ ಶಿಂಗೊ ಅದನ್ನ 3 ನಿಮಿಷಕ್ಕೆ ಇಳಿಸಿದ್ರು. ಯುಕ್ತಿ ಸರಳ. ಮಷೀನ್ ನಿಂತಾಗ ಮಾತ್ರ ಮಾಡೋಕಾಗೋ ಕೆಲಸ ಯಾವುದು, ಓಡ್ತಿರುವಾಗಲೇ ಮಾಡಿಟ್ಟುಕೊಳ್ಳಬಹುದಾದ್ದು ಯಾವುದು ಅಂತ ಬೇರೆ ಮಾಡಿದ್ರು. ನಿಮ್ಮ ಸೆಟ್ಟರ್ ಮಷೀನ್ ನಿಲ್ಲಿಸಿದ ಮೇಲೆ ಜಾಸ್ ಹುಡುಕ್ತಾ ಹೋಗ್ತಾರಾ? ಹುಡುಕೋದು, ಇನ್ಸರ್ಟ್ ತರೋದು, ಗೇಜ್ ತರೋದು, ಪ್ರೋಗ್ರಾಂ ತೆಗೆದಿಡೋದು, ಇಷ್ಟೂ ಮೊದಲೇ ಒಂದು ಟ್ರಾಲಿ ಮೇಲೆ ಬಂದಿರಬೇಕು.

ಸೆಟ್ಟರ್ತುಮಕೂರು:
ಒಂದು ಮಾತು ಸೇರಿಸ್ತೀನಿ. ಸೈನ್ ಮಾಡೋ ಹಕ್ಕು ಕೊಟ್ರೆ ಅದಕ್ಕೆ ತಕ್ಕ ಸಂಬಳನೂ ಕೊಡಿ. ಜವಾಬ್ದಾರಿ ಮಾತ್ರ ಕೆಳಗಿಳಿಸಿ ದುಡ್ಡು ಮೇಲೇ ಇಟ್ಕೊಂಡ್ರೆ ನಿಮ್ಮ ಮೂರನೇ ಸೆಟ್ಟರೂ ಹೋಗ್ತಾರೆ. ತಪ್ಪಾದ್ರೆ ಸಂಬಳದಲ್ಲಿ ಹಿಡಿಯಲ್ಲ ಅಂತಾನೂ ಮೊದಲೇ ಹೇಳಿ.

ಉದ್ಯಮಬಾಗ:
ಇದಕ್ಕ ನನ್ನ ಒಪ್ಪಿಗಿ ಅದ. ನಮ್ಮಲ್ಲೂ ಮೋಲ್ಡಿಂಗ್ ಹುಡುಗ್ರು ಯಾಕ ಬಿಟ್ಟು ಹೋಗ್ತಾರ ಅಂತ ಒಮ್ಮೆ ಕೂತು ಕೇಳ್ತೀನಿ. ಇಷ್ಟ ವರ್ಷ ಕೇಳಿಲ್ಲ ನಾನು.

ನೈಟ್‌ಶಿಫ್ಟ್:
ಆ ಕೀಲಿ ವಿಷಯಾನೂ ನೋಡಿ. 41 ಗಂಟೆ ಅದ್ರಲ್ಲೇ ಇದೆ.

ಸೆಕೆಂಡ್‌ಸ್ಟೇಜ್‌ಹುಡುಗ:
ಅಣ್ಣ ಅದು ಚಿಕ್ಕಪ್ಪನ ಬೀರು. ಅಪ್ಪನಿಗಿಂತ ಕಷ್ಟ.

ಲೆಕ್ಕದಮೇಡಂ:
ಚಿಕ್ಕಪ್ಪನಿಗೆ ಭಯ ಇರೋದು ಇನ್ಸರ್ಟ್ ಲೆಕ್ಕ ತಪ್ಪುತ್ತೆ ಅಂತ ತಾನೇ? ರಾತ್ರಿಗೆ ಒಂದು ಚಿಕ್ಕ ಡಬ್ಬಿ, ಓಡೋ ನಂಬರ್‌ದು ಐದೈದು ಇನ್ಸರ್ಟ್. ಹಳೇದು ಡಬ್ಬಿಗೆ ಹಾಕಿದ್ರೆ ಮಾತ್ರ ಹೊಸದು. ಬೆಳಗ್ಗೆ ಎಣಿಸಿ ತುಂಬಿಸೋದು. ಲೆಕ್ಕವೂ ಉಳಿಯುತ್ತೆ, ಬೀರುವಿನ ಕೀಲಿಯೂ ಅವರ ಹತ್ರವೇ ಇರುತ್ತೆ.

ಡೇಟಾಪ್ರಿಯ:
ಇನ್ನೊಂದು, ಬಂದ ಆರ್ಡರ್ ಎಲ್ಲಾ ಒಂದೇ ಸಲ ಫ್ಲೋರ್‌ಗೆ ಬಿಡ್ತೀರಾ? ಒಳಗೆ 60 ಜಾಬ್ ಇದ್ದು ದಿನಕ್ಕೆ 5 ಮುಗಿದ್ರೆ ಒಂದು ಜಾಬ್ ಸರಾಸರಿ 12 ದಿನ ಒಳಗೇ ಇರುತ್ತೆ, ಯಾರು ಎಷ್ಟು ಕೂಗಾಡಿದ್ರೂ ಈ ಲೆಕ್ಕ ಬದಲಾಗಲ್ಲ. 30 ಮಾತ್ರ ಒಳಗೆ ಬಿಡಿ, ಉಳಿದಿದ್ದು ಆಫೀಸಲ್ಲೇ ಸಾಲಲ್ಲಿ ಇರ್ಲಿ. ಅರ್ಧ ಸೆಟ್ ಮಾಡಿ ಬಿಚ್ಚೋ ಕಾಟಾನೂ ಕಮ್ಮಿ ಆಗುತ್ತೆ.

ಗೋಕುಲರೋಡ್:
ಆದ್ರ ಆಫೀಸಿನ್ಯಾಗ ಕಾಯೋ ದಿನಾನೂ ಕಸ್ಟಮರ್‌ಗೆ ದಿನಾನ ಅಲ್ಲೇನ್ರಿ?

ಡೇಟಾಪ್ರಿಯ:
ಹೌದು, ಅದೂ ಸರಿ. ಆದ್ರೆ ಯಾವ ತಾರೀಕು ಕೊಡ್ತೀವಿ ಅಂತ ಆಗ ನಿಜ ಹೇಳಬಹುದು. ಈಗ ಹೇಳ್ತಿರೋದು ಬರೀ ಆಸೆ.

ಸೆಕೆಂಡ್‌ಸ್ಟೇಜ್‌ಹುಡುಗ:
ಎರಡೂವರೆ ತಿಂಗಳಾಯ್ತು, ಏನಾಯ್ತು ಅಂತ ಹೇಳ್ಬೇಕು ಅನ್ನಿಸ್ತು.

ಒಂದು ಭಾನುವಾರ ಅಪ್ಪನ ಜೊತೆ ಕೂತೆ. 2009ರದ್ದು ಕೇಳಿದೆ. ಮೊದಲು ಮಾತಾಡಲಿಲ್ಲ, ಆಮೇಲೆ ಒಳಗೆ ಹೋಗಿ ಟ್ರಂಕಿಂದ ಆ ಲಾಟಿನ ಒಂದು ಬುಷ್ ತಂದ್ರು, ಇಷ್ಟು ವರ್ಷ ಇಟ್ಕೊಂಡಿದ್ರು. ಅವತ್ತು ರಾತ್ರಿ ಹನ್ನೊಂದರವರೆಗೂ ಮಾತಾಡಿದ್ವಿ. ಕೊನೆಗೆ ನಾನು ಹಾಳೆ ಕೊಟ್ಟೆ, ಎರಡು ಸಲ ಓದಿ 118 ಅನ್ನೋದ್ರ ಮೇಲೆ ಬೆರಳಿಟ್ಟು, ಇಷ್ಟೂ ನಾನಾ ಅಂತ ಕೇಳಿದ್ರು. ಹೌದಪ್ಪ ಅಂದೆ.

ಮಾರನೇ ವಾರದಿಂದ ದಿನಾ ಸಂಜೆ ಒಂದು ಗಂಟೆ ಅವರು ಹೇಳೋದು ನಾನು ಬರೆಯೋದು. 34 ಪಾರ್ಟಿಗೆ ಹಾಳೆ ಆಗಿದೆ. ಬಿಡ್ತೀನಿ ಅಂದಿದ್ದ ಸೆಟ್ಟರನ್ನೇ ಎರಡನೇ ಸೈನ್‌ಗೆ ಹಾಕಿ ಸಂಬಳ ಜಾಸ್ತಿ ಮಾಡಿದ್ವಿ, ಉಳ್ಕೊಂಡ್ರು. ಮಧ್ಯೆ ಒಂದು ಸಲ ಎಡವಟ್ಟಾಯ್ತು. ರಾತ್ರಿ ಪಾಳಿಲಿ ಇಬ್ರೂ ಒಂದೇ ಸವೆದ ಪ್ಲಗ್ ಗೇಜಲ್ಲಿ (ತೂತಿಗೆ ಹಾಕಿ ಅಳತೆ ನೋಡೋ ಗೇಜ್) ನೋಡಿ ಸೈನ್ ಹಾಕಿ 140 ಪೀಸ್ ಹೋಯ್ತು. ಅಪ್ಪ ಅವತ್ತೇ ಎಲ್ಲಾ ವಾಪಸ್ ತಗೊಂಡ್ರು, ನಾಲ್ಕು ದಿನ ಮತ್ತೆ ಅವರೇ ಸೈನ್ ಮಾಡಿದ್ರು, ಮತ್ತೆ ಮಷೀನ್ ನಿಂತ್ವು. ಐದನೇ ದಿನ ಅವರೇ ನೋಟ್‌ಬುಕ್ ನೋಡಿ ಸೆಟ್ಟರ್‌ಗಳನ್ನ ಕರೆದು, ಗೇಜ್ ನನ್ನ ಜವಾಬ್ದಾರಿ ಪೀಸ್ ನಿಮ್ಮ ಜವಾಬ್ದಾರಿ ಅಂದ್ರು. ಆ 140ಕ್ಕೆ ಯಾರ ಸಂಬಳನೂ ಹಿಡೀಲಿಲ್ಲ.

ಹೋದ ವಾರ ಮತ್ತೆ ಅಳೆದೆ. ಅಪ್ರೂವಲ್ ಕಾಯೋದು 118ರಿಂದ 37ಕ್ಕೆ ಬಂದಿದೆ, ಸೆಟ್ಟಿಂಗ್ 92ರಿಂದ 71, ಡಬ್ಬಿ ಇಟ್ಟ ಮೇಲೆ ಟೂಲ್‌ದು 41ರಿಂದ 15. ಮೆಟೀರಿಯಲ್ ಮಾತ್ರ 54 ಇದ್ದಿದ್ದು 66 ಆಗಿದೆ, ಮಷೀನ್ ಜಾಸ್ತಿ ಓಡಿದ್ರೆ ಬಾರ್ ಬೇಗ ಖಾಲಿ ಆಗ್ತಿದೆ. ಸೆಟ್ಟಿಂಗ್ ಬಿಟ್ರೆ ಈಗ ಅದೇ ದೊಡ್ಡದು. ಮೇಡಂ ಹೇಳಿದ ಟ್ರೆಡ್ಸ್‌ಗೆ ಒಬ್ಬ ಕಸ್ಟಮರ್ ಒಪ್ಪಿದಾರೆ, ಇನ್ನೊಬ್ರು ಉತ್ತರ ಕೊಟ್ಟಿಲ್ಲ. ಹೊಸ ಮಷೀನ್ ಸಾಲ ತಗೊಂಡಿಲ್ಲ, ಇಆರ್‌ಪಿನೂ ಇಲ್ಲ. ರೇಟಿಂಗ್ ಇನ್ನೂ ಹಳದಿ, ಹಸಿರು ಆಗಿಲ್ಲ.

ಹಳೇಪ್ಲಾನರ್:
ತುಂಬಾ ಸಂತೋಷ ಆಯ್ತಪ್ಪ. ನಿನ್ನ ತಂದೆಗೆ ನನ್ನ ನಮಸ್ಕಾರ ತಿಳಿಸು. ಮೆಟೀರಿಯಲ್‌ಗೆ ಅದೇ ನೋಟ್‌ಬುಕ್ ವಿಧಾನ ಮಾಡು: ಆರ್ಡರ್ ಬಂದ ದಿನ, ಬಾರ್‌ಗೆ ಪಿಒ (ಖರೀದಿ ಆರ್ಡರ್) ಹೋದ ದಿನ, ಬಾರ್ ಬಂದ ದಿನ. ದುಡ್ಡಿಲ್ಲದೆ ತಡವಾಯ್ತಾ, ಪಿಒ ಕಳಿಸೋಕೆ ಮರೆತು ತಡವಾಯ್ತಾ ಅಂತ ಬೇರೆ ಬೇರೆ ಬರಿ.

ಸೆಟ್ಟರ್ತುಮಕೂರು:
ಅಣ್ಣ, ಗೇಜ್ ವಿಷಯ. ರಾತ್ರಿಗೂ ಹಗಲಿಗೂ ಬೇರೆ ಬೇರೆ ಪ್ಲಗ್ ಗೇಜ್ ಇಡಿ, ಒಂದು ಮಾಸ್ಟರ್ ರಿಂಗ್ ಅಪ್ಪನ ಟೇಬಲ್ ಮೇಲೆ ಇರ್ಲಿ. ತೂತೊಳಗೆ ಹೋಗ್ಲೇಬೇಕಾದ ಗೋ ಸೈಡ್ ಬೇಗ ಸವೆಯುತ್ತೆ, ಹೋಗಬಾರದ ನೋ ಗೋ ಅಷ್ಟು ಸವೆಯಲ್ಲ. ನಿಮ್ಮ 140 ಪೀಸ್ ಟೈಟ್ ಬೋರಾ, ಲೂಸ್ ಬೋರಾ?

ಸೆಕೆಂಡ್‌ಸ್ಟೇಜ್‌ಹುಡುಗ:
ಟೈಟ್ ಅಣ್ಣ. ರೀಮ್ ಮಾಡಿ (ಬೋರ್ ಸ್ವಲ್ಪ ಹಿಗ್ಗಿಸಿ) 122 ಉಳಿಸ್ಕೊಂಡ್ವಿ.